ಗುಜರಿಗೆ ಹೋಗಬೇಕಿದ್ದ ಕಾವಲುಗಾರ

ಬೈಲಹೊಂಗಲದ ಆ ದವಾಖಾನೆಯಲ್ಲಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಸರ್ವರ್ ಕೋಣೆಯ ಪೂಜೆ ಎಂದರೆ ಎಲೆಕ್ಟ್ರಿಶನ್ ಮಹಾಂತಪ್ಪನ ಹಕ್ಕು. ಬೇರೆಯವರು ಊದಿನಕಡ್ಡಿ ಮುಟ್ಟಿದರೂ ಅವನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಹನ್ನೊಂದು ವರ್ಷದ ರೋಗಿಗಳ ಎಕ್ಸರೇ, ರಕ್ತದ ವರದಿ ಎಲ್ಲ ಅಲ್ಲಿನ ಮೂರು ಸರ್ವರ್‌ಗಳ ಹೊಟ್ಟೆಯಲ್ಲಿದ್ದವು. ಅವುಗಳಿಗೆ ವಿಭೂತಿ ಹಚ್ಚಿ, ಹಾರ ಹಾಕಿ, ಹಸಿರು ಖಣದ ಬಟ್ಟೆ ಹೊದಿಸಿದ. ಟೇಬಲ್ಲಿನ ಕೆಳಗಿದ್ದ ಹಳೇ ಕಂಪ್ಯೂಟರಿಗೆ ಮಾತ್ರ ಏನೂ ಇಲ್ಲ.

"ಇದಕ್ಕೂ ಒಂದ್ ಹೂವು ಏರಸ್ರಿ ಕಾಕಾ," ಎಂದಳು ಕಂಪ್ಯೂಟರ್ ವಿಭಾಗದ ಗುಲಫಶಾ.

"ಅದು ಗುಜರಿ ಮಾಲು ಮಗಳ. ನಾಳಿ ಹಜರತಸಾಬ ಬಂದು ಒಯ್ತಾನ."

"ದೊಡ್ಡ ಸಿಸ್ಟಮ್ ಇದರಾಗ ಏಳಂಗಿಲ್ರಿ. ಅದಕ್ಕ ಪೆನ್ ಡ್ರೈವಿನ ಒಂದ್ ಮೂಲ್ಯಾಗ ಹಿಡಿಯೂವಷ್ಟು ಹಗೂರ ಆಪರೇಟಿಂಗ್ ಸಿಸ್ಟಮ್ ಹಾಕೇನಿ. ನಿಮಿಷಕ್ಕೊಮ್ಮೆ ಮೂರೂ ಸರ್ವರಿಗಿ 'ಆರಾಮ ಇದ್ದೀರೇನು' ಅಂತ ಕೇಳತೈತಿ. ಕಾದು ಬಿಸಿ ಆದ್ವು ಅಂದ್ರ ನಮ್ಮಿಬ್ಬರ ಫೋನಿಗಿ ಹೇಳತೈತಿ."

"ಭಲೇ! ಮುದುಕ ಕಾವಲ ಕಾಯತಾನ!" ಎಂದು ಮಹಾಂತಪ್ಪ ಹೊಟ್ಟೆ ಹಿಡಿದು ನಕ್ಕ. ಅವಳು ಕಿತ್ತೂರಿನ ಬಸ್ಸು ಹಿಡಿಯಲು ಹೊರಟಳು.

ಉಳಿದದ್ದು ದೀಪ. ಎಷ್ಟು ಸಲ ಹಚ್ಚಿದರೂ ಏಸಿಯ ಗಾಳಿಗೆ ಆರಿಹೋಗುತ್ತಿತ್ತು. ಹಬ್ಬದ ದಿನ ದೀಪ ಆರುವುದೆಂದರೇನು! ಮಹಾಂತಪ್ಪ ಏಸಿಯನ್ನೇ ಬಂದ್ ಮಾಡಿದ. ದೀಪ ನೆಟ್ಟಗೆ ನಿಂತಿತು. ಕೈಮುಗಿದು, ಬಾಗಿಲೆಳೆದುಕೊಂಡು, ದವಾಖಾನೆಯ ಹಿಂದೆಯೇ ಇದ್ದ ಮನೆಗೆ ಊಟಕ್ಕೆ ಹೋದ.

ಎರಡನೆಯ ಹೋಳಿಗೆಗೆ ತುಪ್ಪ ಬೀಳುವಾಗ ಫೋನು ಒದರಿತು. ಸಂದೇಶ ಹಳೇ ಕಂಪ್ಯೂಟರಿನದು: ಮೂರೂ ಸರ್ವರ್ ಕಾದಿವೆ, ಎರಡನೆಯದು ಎಂಬತ್ತೆಂಟು ಡಿಗ್ರಿ.

ಎಂಜಲಗೈಯಲ್ಲೇ ಓಡಿದ. ಬಾಗಿಲು ತೆರೆದರೆ ಒಲೆಯ ಮುಂದೆ ಕೂತಂಥ ಝಳ. ಖಣದೊಳಗೆ ಫ್ಯಾನುಗಳು ಉಸಿರು ಸಿಗದೆ ಅರಚುತ್ತಿದ್ದವು. ಖಣ, ಹಾರ ಎಲ್ಲ ಕಿತ್ತು ಏಸಿ ಹಾಕಿದ. ದೀಪ ಆರಿತು. ಆರಲಿ! ಇನ್ನು ಸ್ವಲ್ಪ ತಡವಾಗಿದ್ದರೆ ಅಷ್ಟು ಜನರ ವರದಿಗಳನ್ನು ಕೈಯಾರೆ ಸುಟ್ಟಂತಾಗುತ್ತಿತ್ತು.

ಟೇಬಲ್ಲಿನ ಕೆಳಗೆ ಬಗ್ಗಿದ. ಸೀಳುಬಿಟ್ಟ ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಬರುತ್ತಿದ್ದವು. ಎಂಬತ್ತು. ಎಪ್ಪತ್ತೊಂದು. ಅರವತ್ತು. ತನ್ನನ್ನು ಯಾರೂ ಕೇಳದಿದ್ದರೂ ಅದು ಎಲ್ಲರನ್ನೂ ಕೇಳುತ್ತಲೇ ಇತ್ತು.

"ಎಲಾ ಇದರ!" ಎಂದ.

ಗುಲಫಶಾಳ ಫೋನು ಬಂತು. "ಏಸಿ ಕೆಟ್ಟಿತ್ತೇನ್ರಿ ಕಾಕಾ?"

ಹೌದೆಂದರೆ ಮುಗಿಯುತ್ತಿತ್ತು. "ಇಲ್ಲ ಮಗಳ. ದೀಪ ಆರಬಾರದಂತ ನಾನ ಬಂದ್ ಮಾಡಿದ್ದೆ. ಹಜರತಸಾಬಗ ಬರಬ್ಯಾಡ ಅಂತ ಹೇಳು."

ನೆಲದಲ್ಲಿ ಬಿದ್ದಿದ್ದ ಹಾರವನ್ನೆತ್ತಿ ಹಳೇ ಕಂಪ್ಯೂಟರಿಗೆ ಹಾಕಹೋದವನು ತಟ್ಟನೆ ನಿಂತ. ಅದು ಎಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ ಎಂದು ಮೊದಲು ಅಂಗೈ ಹಿಡಿದು ನೋಡಿದ. ಆಮೇಲೆ ಹಾರದಿಂದ ಒಂದೇ ಒಂದು ಚೆಂಡುಹೂವು ಬಿಡಿಸಿ, ಆ ತೂತುಗಳಿಂದ ದೂರ ಇಟ್ಟು, ಕೈಮುಗಿದ.