ತೊಟ್ಟಿಯ ಜಾರು

ಮೈಸೂರಿನಿಂದ ಫೋನ್ ಮಾಡಿದ ರೇವತಿ ಮುಖ್ಯವಾಗಿ ಕೇಳಿದ್ದು ಒಂದೇ ಮಾತು: "ಸ್ವಿಮ್ಮಿಂಗ್ ಪೂಲ್ ಇದೆ ತಾನೆ?"

ಇದೆ ಅಂದಿದ್ದಳು ಮೇಘಶ್ರೀ. ಸುಳ್ಳೇನಲ್ಲ. ಅತ್ತಿಗುಂಡಿಯ ಅವರ ತೋಟದಲ್ಲಿ ಕಾಫಿ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕುವುದು ನಿಂತು ಕೆಲವು ವರ್ಷಗಳಾಗಿದ್ದವು. ಸಿಪ್ಪೆ ಸುಲಿದ ಕಾಫಿ ಬೀಜವನ್ನು ಹುಳಿಯಲು ಬಿಡುತ್ತಿದ್ದ ಸಿಮೆಂಟು ತೊಟ್ಟಿಗಳು ಖಾಲಿ ಬಿದ್ದಿದ್ದವು. 2006ರಲ್ಲಿ ಹೋಮ್‌ಸ್ಟೇ ಶುರುಮಾಡುವಾಗ ಅವಳು ನಡುಗೋಡೆ ಒಡೆಸಿ, ಮೆಟ್ಟಿಲು ಕಟ್ಟಿಸಿ, ನೀಲಿ ಬಣ್ಣ ಹೊಡೆಸಿದಳು. ಮಾವ ಚಂದ್ರಶೇಖರ ಒಪ್ಪಿದ್ದು ಒಂದು ಬೇಸಿಗೆಯ ಮಟ್ಟಿಗೆ. ಜನ ಬಾರದಿದ್ದರೆ ಕೋಣೆಗಳಿಗೆ ಮತ್ತೆ ಗೊಬ್ಬರದ ಮೂಟೆ.

ರೇವತಿಯ ಸಂಸಾರವೇ ಮೊದಲ ಅತಿಥಿಗಳು. ಅವರು ಬರುವ ಹಿಂದಿನ ದಿನ ಪೂಲ್ ಹಸಿರಾಗಿತ್ತು.

ಕಾಫಿ ಹೂವರಳಿಸುವ ಹೂಮಳೆ ಬಿದ್ದು, ಸಿಲ್ವರ್ ಓಕ್ ಎಲೆ ಉದುರಿ, ಕರೆಂಟಿಲ್ಲದೆ ನೀರು ಸೋಸುವ ಮೋಟಾರು ಮಲಗಿದ್ದೇ ನೆಪ. ಮೇಘಶ್ರೀ ಚಿಕ್ಕಮಗಳೂರಿನ ಪಂಪಿನ ಅಂಗಡಿಗೆ ಫೋನ್ ಮಾಡಿದಳು. ಪಾಚಿ ಬಂದರೆ ಹಾಕಿದ ಕ್ಲೋರಿನ್ನೆಲ್ಲ ಅದಕ್ಕೇ ಖರ್ಚಾಗುತ್ತದೆ, ಆಮೇಲೆ ರೋಗದ ಕ್ರಿಮಿಗಳಿಗೆ ಅಡ್ಡಿಯಿಲ್ಲ, ಮಕ್ಕಳಿಗೆ ಕಿವಿನೋವು, ಮೈ ತುರಿಕೆ, ಹೊಟ್ಟೆ ಕೆಡುವುದು ಎಲ್ಲ ಬರಬಹುದು ಎಂದರು ಅಂಗಡಿಯವರು.

"ಎಂತದೂ ಆಗಲ್ಲ ಮಾರಾಯ್ತಿ," ಅಂದರು ಮಾವ. "ನಾವು ಕೆರೆಯಲ್ಲಿ ಎಮ್ಮೆ ಜೊತೆ ಈಜ್ದೋರು."

"ನಿಮ್ಗೆ ವರ್ಷಾ ವರ್ಷಾ ಕಿವಿ ಸೋರ್ತಿತ್ತಂತೆ. ಅತ್ತೆ ಹೇಳಿದಾರೆ."

"ಅವಳು ಎಲ್ಲಾನೂ ಹೇಳ್ತಾಳೆ." ಅವರು ತೋಟದ ಮೇಸ್ತ್ರಿಯನ್ನು ಕೂಗಿದರು. "ಭೂತಯ್ಯ, ಮೈಲುತುತ್ತ, ಸುಣ್ಣ ಕಲಸೋ. ಗಿಡದ ರೋಗಕ್ಕೆ ಹೊಡೆಯೋ ಬೋರ್ಡೋ ಹಾಕಿದ್ರೆ ನೀರು ಕ್ಯಾಲೆಂಡರ್ ಚಿತ್ರದ ಥರ ನೀಲಿಯಾಗ್ತದೆ."

"ಮಾವ, ಬರೋ ಮಕ್ಕಳಿಗೇನು ಎಲೆ ತುಕ್ಕು ಹಿಡ್ದಿದ್ಯಾ?"

ಭೂತಯ್ಯ ನಗು ತಡೆಯಲಾಗದೆ ಬೆನ್ನು ತಿರುಗಿಸಿದ. ಔಷಧಿ ಡ್ರಮ್ಮು ಹಾಗೇ ಉಳಿಯಿತು. ನೀರು ಖಾಲಿ ಮಾಡಿದರೆ ಒರತೆಯ ಪೈಪಿನಲ್ಲಿ ಮತ್ತೆ ತುಂಬಲು ಮೂರು ದಿನ ಬೇಕು. ಪೂಲ್ ಇಲ್ಲ ಅಂದರೆ ಅವರು ವಾಪಸು ಹೋದಾರು. ಇದೆ ಅಂದರೆ? ಮೇಘಶ್ರೀ ಏನನ್ನೂ ತೀರ್ಮಾನಿಸದೆ ಮಲಗಿದಳು.

ಮರುದಿನ ಕಾರಿನಿಂದ ಇಳಿದ ರೇವತಿಯ ಮಕ್ಕಳಿಬ್ಬರೂ ಆಗಲೇ ಈಜುಬಟ್ಟೆಯಲ್ಲಿದ್ದರು. ಹುಡುಗಿಯ ಸೊಂಟಕ್ಕೆ ಬಾತುಕೋಳಿಯ ಟ್ಯೂಬು. ಇಬ್ಬರೂ ಪೂಲಿನ ಕಡೆಗೇ ಓಡಿದರು. ಮೇಘಶ್ರೀಯೂ ಕಾಫಿ ಲೋಟ ಹಿಡಿದುಕೊಂಡೇ ಓಡಿ ಅವರಿಗೆ ಅಡ್ಡ ನಿಂತಳು. ಏನು ಹೇಳಬೇಕೋ ತೋಚದೆ ಕಾಫಿಯನ್ನು ಹುಲ್ಲಿಗೆ ಚೆಲ್ಲಿ ಲೋಟವನ್ನು ನೀರಿಗೆ ಬಿಟ್ಟಳು. ಸೊಂಟದುದ್ದ ನೀರು, ಆದರೂ ಲೋಟ ಮುಳುಗಿದ್ದೇ ತಡ, ಕಾಣದಾಯಿತು.

"ಕಾಣ್ತದಾ?" ಎಂದು ರೇವತಿಯನ್ನು ಕೇಳಿದಳು. "ಲೋಟ ಕಾಣದ ನೀರಲ್ಲಿ ಮಗು ಮುಳುಗಿದ್ರೂ ಕಾಣಲ್ಲ. ಇವತ್ತು ಇಳಿಸೋದು ಬೇಡ."

"ಫೋನಲ್ಲಿ ಪೂಲ್ ಇದೆ ಅಂದ್ರಿ. ಇವರು ವಾರದಿಂದ ಕುಣೀತಿದಾರೆ." ರೇವತಿಯ ಮುಖ ಗಂಟಿಕ್ಕಿತ್ತು.

"ಸ್ವಲ್ಪ ಹಸಿರು, ಅಷ್ಟೇ," ಎಂದು ಮಾವ ಹಿಂದಿನಿಂದ ಬಂದರು. "ಇಳೀಲಿ ಬಿಡು."

ಮೇಘಶ್ರೀ ಅವರತ್ತ ತಿರುಗಿದಳು. "ಮಾವ, ಇದು ನಿಮ್ಮ ತೊಟ್ಟಿ. ಒಂದ್ಸಲ ಗೋಡೆ ಉಜ್ಜಿ, ಬೀಜ ನೋಡಿದ ಹಾಗೆ ನೋಡಿ ಹೇಳಿ. ನೀವು ಸರಿ ಅಂದ್ರೆ ಇಳಿಸ್ತೀನಿ."

ಹುಳಿತ ಬೀಜವನ್ನು ಅಂಗೈಯಲ್ಲಿ ಉಜ್ಜಿ ನೋಡುವುದು ಅವರ ನಲವತ್ತು ವರ್ಷದ ಕೆಲಸ. ಮರಳಿನಂತೆ ಗರಗರ ಎಂದರೆ ತೊಳೆಯಬಹುದು. ಲೋಳೆ ಜಾರಿದರೆ ಇನ್ನೂ ಆಗಿಲ್ಲ. ಆ ವಿಷಯದಲ್ಲಿ ಅವರು ಯಾರ ಮುಲಾಜೂ ನೋಡಿದವರಲ್ಲ.

ಅವರು ತೋಳು ಮಡಿಸಿ, ಮೊಣಕಾಲೂರಿ, ನೀರೊಳಗಿನ ಗೋಡೆಯನ್ನು ಉಜ್ಜಿದರು. ಮೇಲಿನ ಮೆಟ್ಟಿಲನ್ನೂ ಉಜ್ಜಿದರು. ಬೆರಳು ಮೂಸಿದರು.

"ಜಾರ್ತದೆ," ಅಂದರು. "ಮೆಟ್ಟಿಲು ಇನ್ನೂ ಜಾಸ್ತಿ ಜಾರ್ತದೆ. ಮಕ್ಕಳು ಹಲ್ಲು ಮುರ್ಕೊಳ್ತಾವೆ. ಭೂತಯ್ಯ, ತೂಬು ತೆಗಿಯೋ."

ಹಸಿರು ನೀರು ಹಳೇ ಚರಂಡಿಯಲ್ಲಿ ಗುಳುಗುಳು ಹರಿಯಿತು. ಮಕ್ಕಳ ಮೋರೆ ಇಳಿದದ್ದು ಕಂಡು ಮಾವನೇ ಒರತೆಯ ಪೈಪು ಎಳೆದು ಅಂಗಳದಲ್ಲಿ ಅವರ ತಲೆಗೆ ಹಿಡಿದರು. ತಣ್ಣನೆ ನೀರಿಗೆ ಬಾತುಕೋಳಿ ಸಮೇತ ಹುಡುಗಿ ಕಿರುಚುತ್ತ ಓಡಿದಳು, ಮತ್ತೆ ಬಂದಳು. ರೇವತಿ ಬ್ಯಾಗುಗಳನ್ನು ಕೋಣೆಗೆ ಒಯ್ದಿದ್ದನ್ನು ನೋಡಿದ ಮೇಲೆಯೇ ಮೇಘಶ್ರೀ ಲೋಟ ಹೆಕ್ಕಲು ಹೋದದ್ದು.

ಮೇ ತಿಂಗಳಲ್ಲಿ ಮೈಸೂರಿನಿಂದ ಮತ್ತೆ ಫೋನ್ ಬಂತು. ಈ ಸಲ ರೇವತಿ ಪೂಲ್ ಇದೆಯಾ ಎಂದು ಕೇಳಲಿಲ್ಲ.

"ನಿಮ್ಮ ಮಾವ ಗೋಡೆ ಉಜ್ಜಿ ನೋಡಿದ್ರಾ?"

"ಈಗಷ್ಟೇ. ಗರಗರ ಅಂತಿದೆಯಂತೆ," ಎಂದಳು ಮೇಘಶ್ರೀ. "ಬನ್ನಿ."