ಮೊದಲ ಎರಡು ಗೂಡು

ನ್ಯಾಮತಿ ಊರಿನಲ್ಲಿರುವ ತಮ್ಮ ವಿಡಿಯೋ ಸ್ಟುಡಿಯೋದಲ್ಲಿ ಕಲ್ಪನಾ ಹೊಸ ಜೋಡಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಕೂತಿದ್ದಳು. ಊರಿನ ಮದುವೆ ವಿಡಿಯೋಗಳೆಲ್ಲ ಪಕ್ಕದ ಹಳೇ ಜೋಡಿಯಲ್ಲಿದ್ದವು. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಎರಡರಲ್ಲೂ ಅದೇ ನಕಲು. ಯಾವ ಫೈಲ್ ಸಿಸ್ಟಮ್, ಎಷ್ಟು ದೊಡ್ಡ ಬ್ಲಾಕ್ ಎಂದು ಬೆಳಗಿನಿಂದ ತಲೆ ಕೆಡಿಸಿಕೊಂಡವಳು, ಕಡೆಗೆ ನಾಲ್ಕು ಗೂಡಿನ ಡಿಸ್ಕು ಪೆಟ್ಟಿಗೆಯಲ್ಲಿ ಮೊದಲ ಎರಡು ಗೂಡಿನವನ್ನು ಆರಿಸಿ, ಪೂರ್ತಿ ಅಳಿಸುವ ಫಾರ್ಮ್ಯಾಟನ್ನೇ ಒತ್ತಿದಳು. ಮೊನ್ನೆ ಹೊಸವನ್ನು ಅಲ್ಲಿ ಕೂರಿಸಿದ್ದು ಅವಳೇ.

ಆಮೇಲೆ ಕಣ್ಣಿಗೆ ಬಿತ್ತು, ನಾಲ್ಕೂ ಡಿಸ್ಕಿನ ಮೇಲೆ ವಿಭೂತಿ ಪಟ್ಟೆ.

“ರೀ, ಇವನ್ನ ಹೊರಗೆ ತೆಗೆದಿದ್ರಾ?”

“ನಿನ್ನೆ ಆಯುಧಪೂಜೆ ಅಲ್ವೇನೆ,” ಎಂದ ಗಂಡ ರೇಣುಕಪ್ರಸಾದ್. “ಇಷ್ಟು ದಿನ ಅನ್ನ ಕೊಟ್ಟಿರೋವು ಹಳೇವು ತಾನೆ. ಪೂಜೆ ಮಾಡಿ ಅವನ್ನೇ ಮೊದಲ ಎರಡು ಗೂಡಿಗಿಟ್ಟೀನಿ.”

ಕಲ್ಪನಾ ಪರದೆ ನೋಡಿದಳು. ಎರಡೂ ಡಿಸ್ಕು ಒಂದೇ ಹೆಜ್ಜೆಯಲ್ಲಿ ಖಾಲಿಯಾಗುತ್ತಿದ್ದವು.