ಲಾಡಿಹುಳದ ಕೊಬ್ಬು

"ಮೀನಿನ ಕೊಬ್ಬು ತಿಂದು ಬದುಕೋ ಹುಳಕ್ಕ ಬ್ಯಾರೆ ಕೊಬ್ಬು ಎಲ್ಲಿಂದ ಬರತೈತ್ರೀ ಸರ್? ಕಾಂಚನಾಂದು ತಪ್ಪೈತಿ," ಎಂದ ವೀರೇಶ, ಮೂಗಿನ ಮೇಲಿನ ಕರ್ಚೀಫು ತೆಗೆಯದೆ.

ಜಮಖಂಡಿಯ ಕಾಲೇಜಿನ ಲ್ಯಾಬಿನಲ್ಲಿ ಪ್ರಭುಲಿಂಗ ಸರ್ ತಮ್ಮ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳ ಫಲಿತಾಂಶಗಳನ್ನು ಪಕ್ಕಪಕ್ಕ ಹಿಡಿದು ನೋಡುತ್ತಿದ್ದರು. ಅದೇ ಹಿನ್ನೀರಿನ ಕಾಟ್ಲಾ ಮೀನು, ಅದರ ಹೊಟ್ಟೆಯೊಳಗಿನ ಅದೇ ಲಾಡಿಹುಳ. ಕಾಂಚನಾಳ ಪ್ರಕಾರ ಮೀನಿನ ಕೊಬ್ಬೇ ಬೇರೆ, ಹುಳದ ಕೊಬ್ಬೇ ಬೇರೆ. ವೀರೇಶನ ಪ್ರಕಾರ ಕೂದಲೆಳೆಯಷ್ಟೂ ಫರಕಿಲ್ಲ. ಯಾರದು ತಪ್ಪೋ ಅವರು ಎಲ್ಲ ಮೊದಲಿನಿಂದ ಮಾಡಬೇಕು. ವರ್ಷ ಹೋಯಿತು, ಫೆಲೋಶಿಪ್ಪೂ ಹೋಯಿತು.

ಕಾಂಚನಾ ವೀರೇಶನನ್ನು ಮೇಲಿನಿಂದ ಕೆಳಗೆ ನೋಡಿದಳು. ಇವನಿಗೆ ಮೀನೆಂದರೆ ಹೇಸಿಗೆ, ಹುಳವೆಂದರೆ ಹೇಸಿಗೆ, ಮೀನು ಹಿಡಿಯುವವರೆಂದರೆ ಇನ್ನೂ ಹೇಸಿಗೆ. ಹುಳದ ಮೇಲಿನ ಡಾಕ್ಟರೇಟು ಮಾತ್ರ ಬೇಕು. ಅವಳೂ ಬನಹಟ್ಟಿಯ ಮಗ್ಗದ ಮನೆಯವಳೇ, ಮೀನು ಬಾಯಿಗಿಟ್ಟವಳಲ್ಲ. ಲ್ಯಾಬಿನಿಂದ ಬಂದವಳು ಹೊರಗಿನ ನಲ್ಲಿಯಲ್ಲಿ ಜಳಕ ಮಾಡದ ಹೊರತು ಅವ್ವ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಮಾಡುತ್ತಿದ್ದಳು, ಮರುದಿನ ಮತ್ತೆ ಕತ್ತರಿ ಹಿಡಿಯುತ್ತಿದ್ದಳು.

"ನಿನ್ನ ಮೀನು ಯಾರು ಕೊಯ್ದ್ರಪಾ?" ಎಂದು ಕೇಳಿದಳು.

"ಬೀಳಗಿ ಕಡೆ ದಂಡಿಮ್ಯಾಲ ಮಾರತಾನಲ್ಲ, ನಾಮದೇವ. ಹೊಟ್ಟ್ಯಾಗ ಬೆಳ್ಳಗಿದ್ದದ್ದು ತಗದು ಡಬ್ಬಿಗೆ ಹಾಕು ಅಂದ್ನಿ."

"ನೀ ನೋಡಿದೇನು?"

"ಆ ಹೊಲಸು ಯಾರು ನೋಡ್ತಾರ? ಗಾಡಿ ಕಡೆ ಮಾರಿ ಮಾಡಿ ನಿಂತಿದ್ನಿ. ಅಂಥಾ ಕೆಲಸಕ್ಕ ಅಂಥಾವ್ರ ಇರತಾರ."

"ಪದವಿ ತೊಗೊಳ್ಳಾಕರೆ ನೀನ ಹೋಗ್ತಿಯೋ, ನಾಮದೇವನ್ನ ಕಳಸ್ತೀಯೋ?"

ಪ್ರಭುಲಿಂಗ ಸರ್ ಕೆಮ್ಮಿದರು. ಮೀನಿನ ಕರುಳಿಗೆ ಅಂಟಿಕೊಂಡ ಕೊಬ್ಬೂ ಬೆಳ್ಳಗೇ ಇರುತ್ತದೆಂಬುದು ಅವರಿಗೂ ಗೊತ್ತು.

ಕಾಂಚನಾ ಫ್ರಿಜ್ಜಿನಲ್ಲಿ ಉಳಿದಿದ್ದ ಎರಡೂ ಡಬ್ಬಿ ತಂದು, ಗಾಜಿನ ಬೋಗುಣಿಗೆ ನೀರು ತುಂಬಿದಳು. ಮಂಜು ಕರಗಿದ ಮೇಲೆ ತನ್ನ ಹುಳವನ್ನು ಬಿಟ್ಟಳು. ಅದು ಬಿಳಿ ಲಾಡಿಯಂತೆ ಬಿಚ್ಚಿಕೊಳ್ಳುತ್ತ ತಳಕ್ಕೆ ಹೋಗಿ ಮಲಗಿತು.

"ಈಗ ನಿಂದು."

"ನೀನ ಹಾಕು."

"ನಿನ್ನ ಹುಳ. ನೀನ ಹಾಕಬೇಕು."

"ಹಾಕಪಾ ವೀರೇಶ," ಎಂದರು ಸರ್.

ವೀರೇಶ ಗ್ಲೌಸಿನ ಮೇಲೆ ಇನ್ನೊಂದು ಗ್ಲೌಸು ಏರಿಸಿಕೊಂಡ. ಚಿಮಟಿಗೆ ಹಿಡಿದ ಕೈಯನ್ನು ಉದ್ದಕ್ಕೆ ಚಾಚಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಬಿಟ್ಟ.

"ಬಿತ್ತೇನು?"

ಸರ್ ಬೋಗುಣಿಯ ಮೇಲೆ ಬಗ್ಗಿದರು. ನೀರಿನ ಮೇಲೆ ಬಿಳಿಯ ಉಂಡೆಯೊಂದು ಮೆಲ್ಲಗೆ ತಿರುಗುತ್ತಿತ್ತು. ಅದರ ಸುತ್ತ ಎಣ್ಣೆಯ ಸಣ್ಣ ಸಣ್ಣ ಬಿಲ್ಲೆಗಳು ಹರಡುತ್ತಿದ್ದವು.

"ಬಿತ್ತೇನ್ರೀ ಸರ್?" ಎಂದ ವೀರೇಶ, ಕಿಟಕಿಯ ಕಡೆಗೇ ನೋಡುತ್ತ.